ಎರಡು ಸಾಫ್ಟ್‌ವೇರ್‌ಗಳ ನಡುವೆ ‘ಕಂಟ್ರೋಲ್ ರೂಮು’

ಲಿಫ್ಟ್ ರಿಪೇರಿ ಕಂಪನಿಯಲ್ಲಿ ಅವಳಿಗೆ ‘ಕಂಟ್ರೋಲ್ ರೂಮು’ ಎಂದೇ ಹೆಸರು. ಹನ್ನೆರಡು ಮೆಕ್ಯಾನಿಕ್‌ಗಳಲ್ಲಿ ಯಾರು ಯಾವ ಕಟ್ಟಡದಲ್ಲಿದ್ದಾರೆ ಎಂಬುದು ಇಪ್ಪತ್ತು ವರ್ಷ ಅವಳ ತಲೆಯಲ್ಲೂ ಗೋಡೆಯ ಬಿಳಿ ಹಲಗೆಯಲ್ಲೂ ಇತ್ತು. ಒಂದು ದಿನ ಯಜಮಾನರು ಆ ಹಲಗೆ ನೋಡಿ ಮೂಗು ಮುರಿದರು.

“ಇನ್ಮೇಲೆ ಎಲ್ಲಾ ಸಾಫ್ಟ್‌ವೇರಲ್ಲೇ. ಎರಡು ಕಂಪನಿಯವರು ಬಂದು ತೋರಿಸ್ತಾರೆ, ಯಾವುದು ಅಂತ ಶುಕ್ರವಾರ ನೀವೇ ಹೇಳಿ. ನಂಗೆ ವಾರವಾರ ಗ್ರಾಫ್ ಬೇಕು, ಅಷ್ಟೇ. ಬಳಸೋಕೆ ಬರದವರು ಮನೇಲಿ ಆರಾಮಾಗಿರ್ಲಿ.”

ಕೊನೆಯ ಮಾತು ಯಾರಿಗೆಂದು ಅವಳಿಗೆ ಗೊತ್ತಾಯಿತು. ಎಲ್ಲರೂ ‘ದೊಡ್ಡಣ್ಣ’ ಎನ್ನುವ ಹಿರಿಯ ಮೆಕ್ಯಾನಿಕ್‌ಗೆ ಕಣ್ಣು ಮಂಜು, ಬೆರಳು ದಪ್ಪ. ಸದ್ದು ಕೇಳಿಯೇ ಕೇಬಲ್ ಎಲ್ಲಿ ಸವೆದಿದೆ ಎನ್ನಬಲ್ಲ ಆತನಿಗೆ ಫೋನಿನಲ್ಲಿ ಹಸಿರು ಗುಂಡಿ ಬಿಟ್ಟು ಬೇರೆ ತಿಳಿಯದು.

ಮೊದಲನೆಯ ಸಾಫ್ಟ್‌ವೇರ್‌ನಲ್ಲಿ ಇಲ್ಲದ್ದೇ ಇಲ್ಲ: ಕೆಲಸದ ಪಟ್ಟಿ, ರಜೆ, ಮೀಟಿಂಗು, ಬಣ್ಣಬಣ್ಣದ ಗ್ರಾಫು. ಎರಡನೆಯದರಲ್ಲೂ ಅವೇ, ಬೇರೆ ಹೆಸರಲ್ಲಿ. ಗ್ರಾಫು ಮಾತ್ರ ಇಲ್ಲ, ಬದಲಿಗೆ ದೊಡ್ಡದೊಂದು ಮೈಕ್ ಗುಂಡಿ. ನಾಲ್ಕು ದಿನ ಎರಡನ್ನೂ ಓಡಿಸಿ ನೋಡಿದಳು. ಒಂದೇ ಲಿಫ್ಟಿಗೆ ಮೂವರು ಹೋದರು, ಇನ್ನೊಂದಕ್ಕೆ ಯಾರೂ ಹೋಗಲಿಲ್ಲ. ಒಂದರಲ್ಲಿ ‘ಟಾಸ್ಕ್’ ಎಂದರೆ ಏನು, ಇನ್ನೊಂದರಲ್ಲಿ ‘ಟಿಕೆಟ್’ ಎಂದರೆ ಏನು ಎಂದು ಬರೆದಿಟ್ಟುಕೊಂಡ ಚೀಟಿಯೇ ಅವಳಿಗೆ ಅರ್ಥವಾಗದೆ ಹೋಯಿತು.

ಗುರುವಾರ ದೊಡ್ಡಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆತನ ಫೋನಿನಲ್ಲಿ ಮೊದಲನೆಯದನ್ನು ತೆರೆದಳು.

“ಅಣ್ಣಾ, ‘ಕೆಲಸ ಮುಗೀತು’ ಅಂತ ಒತ್ತಿ ನೋಡೋಣ.”

“ಒತ್ತಿದೆ ಕಣಮ್ಮ.”

“ಅಯ್ಯೋ, ಒಂದು ತಿಂಗಳು ರಜೆ ಕೇಳಿದ್ದೀರಲ್ಲ!”

“ಕೊಟ್ಟುಬಿಡು ಮತ್ತೆ. ನಿಮ್ಮತ್ತಿಗೆನೂ ಅದನ್ನೇ ಬಡ್ಕೋತಿದ್ಲು.”

ಎರಡನೆಯದರಲ್ಲಿ ಮೈಕ್ ಒತ್ತಿ, “ಏನು ಹೇಳ್ಲಿ?” ಎಂದ. ಆ ದನಿ ಹಾಗೇ ಅವಳ ಕಂಪ್ಯೂಟರಿಗೆ ಬಂತು.

ಗ್ರಾಫು ಬಿಟ್ಟರೆ ಯಜಮಾನರು ಒಪ್ಪುವುದಿಲ್ಲ; ಮೈಕು ಬಿಟ್ಟರೆ ದೊಡ್ಡಣ್ಣ ಉಳಿಯುವುದಿಲ್ಲ. ಶುಕ್ರವಾರ ಯಜಮಾನರ ಕೋಣೆಯ ಬಾಗಿಲವರೆಗೆ ಹೋಗಿ ಎರಡು ಸಲ ವಾಪಸು ಬಂದಳು. ಮೂರನೆಯ ಸಲ ಒಳಗೆ ಹೋದಾಗ ಬಾಯಿಗೆ ಬಂದದ್ದು ಎರಡನೆಯದರ ಹೆಸರು.

“ಗ್ರಾಫ್ ಬರುತ್ತೆ ತಾನೆ?”

“ಬರುತ್ತೆ ಸಾರ್.”

ಬಂದೇ ಬಂತು. ಪ್ರತಿ ಸೋಮವಾರ ಹತ್ತು ಗಂಟೆಗೆ, ನಾಲ್ಕು ವರ್ಷ. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಗೆಳತಿಯರನ್ನು ಕೇಳುತ್ತಲೇ ಇದ್ದಳು; ಏನು ಮಾಡಿದ್ದೇನೆಂದು ಮಾತ್ರ ಬಾಯಿ ಬಿಡಲಿಲ್ಲ. “ಒಂದು ಸಾಫ್ಟ್‌ವೇರ್ ಆರಿಸಿದ್ದಕ್ಕೆ ಇಷ್ಟೊಂದಾ?” ಎಂದು ಅವರು ನಗುತ್ತಿದ್ದರು.

ಕಳೆದ ತಿಂಗಳು ಅವಳು ತೀರಿಕೊಂಡಳು. ಮರುಸೋಮವಾರ ಗ್ರಾಫು ಬರಲಿಲ್ಲ. ಹನ್ನೊಂದರವರೆಗೆ ಕಾದ ಯಜಮಾನರು ಸಾಫ್ಟ್‌ವೇರ್‌ನವರಿಗೆ ಫೋನ್ ಮಾಡಿ ದಬಾಯಿಸಿದರು.

“ಸಾರ್, ನಮ್ಮದ್ರಲ್ಲಿ ಗ್ರಾಫ್ ಯಾವತ್ತೂ ಇರ್ಲೇ ಇಲ್ವಲ್ಲ?”

ಅವಳ ಕಂಪ್ಯೂಟರ್ ತೆರೆಸಿದರು. ವಾರಕ್ಕೊಂದರಂತೆ ಇನ್ನೂರು ಕಡತ. ಮೈಕಿನಲ್ಲಿ ಬಂದ ಮಾತನ್ನೆಲ್ಲ ಕೇಳಿ, ಪ್ರತಿ ಶನಿವಾರ ಕೂತು ತಾನೇ ಅಂಕಿಗಳನ್ನು ತುಂಬಿ ಗ್ರಾಫು ಬಿಡಿಸಿದ್ದಳು.

“ಇದು ನಿಮಗೆ ಗೊತ್ತಿತ್ತಾ?” ಎಂದರು ಯಜಮಾನರು, ಬಾಗಿಲಲ್ಲಿ ನಿಂತಿದ್ದ ದೊಡ್ಡಣ್ಣನಿಗೆ.

“ಇಲ್ಲ ಸಾರ್. ನಾನು ಮಷೀನಿಗೆ ಹೇಳ್ತಿದ್ದೀನಿ ಅಂತಲೇ ಅಂದ್ಕೊಂಡಿದ್ದೆ.”