ಮೂವತ್ತು ಮನೆಗಳ ಹೌದ್ರಿ

ಅವ್ವ ತೀರಿಕೊಂಡು ಮೂರು ತಿಂಗಳಾಗಿದ್ದಾಗ ನಾನು ಸಂಶೋಧನೆ ಮಾಡುವುದನ್ನು ಕಲಿಯುತ್ತಿದ್ದೆ. ಎಂಬತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಎಂ.ಎ. ಎರಡನೆಯ ವರ್ಷ, ಸಮಾಜಶಾಸ್ತ್ರ. ವರ್ಷದ ಕೊನೆಗೆ ಒಂದು ಪ್ರಬಂಧ ಒಪ್ಪಿಸಬೇಕು. ಅದಕ್ಕೂ ಮೊದಲು ಸಂಶೋಧನಾ ವಿಧಾನ ಎಂಬ ಪತ್ರಿಕೆಯನ್ನು ಓದಿ ಮುಗಿಸಬೇಕು. ಆ ಪಾಠಗಳಲ್ಲಿ ಒಂದನ್ನೂ ನಾನು ತಪ್ಪಿಸಲಿಲ್ಲ. ಶ್ರದ್ಧೆಯಿಂದಲ್ಲ. ಕ್ಲಾಸಿಗೆ ಹೋಗದಿದ್ದರೆ ಇನ್ನೆಲ್ಲಿಗೆ ಹೋಗಬೇಕು ಎನ್ನುವುದು ಹೊಳೆಯುತ್ತಿರಲಿಲ್ಲ, ಅಷ್ಟೇ.

ನಾನು ಅತ್ತಿರಲಿಲ್ಲ. ಮಣ್ಣು ಮಾಡಿ ಬಂದ ದಿನವೂ ಇಲ್ಲ, ಆಮೇಲೂ ಇಲ್ಲ. ಗಟ್ಟಿ ಹುಡುಗ ಎಂದು ಊರವರು ಹೊಗಳಿದರು. ಗಟ್ಟಿತನ ಏನೂ ಇರಲಿಲ್ಲ. ಹಾಸ್ಟೆಲಿನ ಸಾರಿನಲ್ಲಿ ಉಪ್ಪು ಹೆಚ್ಚಾಗಿದೆ ಎಂದು ಹುಡುಗರು ಅಡುಗೆಯವನ ಮೇಲೆ ಏರಿ ಹೋದ ದಿನ ಅದೇ ಸಾರನ್ನು ನಾನು ಎರಡು ಸಲ ಹಾಕಿಸಿಕೊಂಡು ಉಂಡಿದ್ದೆ. ಕಾಲು ಜೋಮು ಹಿಡಿದಾಗ ಮುಟ್ಟಿ ನೋಡಿದರೆ ಬೇರೆಯವರ ಕಾಲಿನ ಹಾಗಿರುತ್ತದಲ್ಲ, ನಾನಿಡೀ ಹಾಗಿದ್ದೆ.

ಅವ್ವನ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಕುಂದಗೋಳ ತಾಲೂಕಿನ ಒಂದು ಹಳ್ಳಿ ನಮ್ಮದು. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದ. ನನ್ನ ಮೇಲೆ ಒಬ್ಬಳೇ ಅಕ್ಕ, ಆಕೆಯನ್ನು ಕುಂದಗೋಳಕ್ಕೇ ಕೊಟ್ಟಿತ್ತು. ಅವ್ವನ ಹೊಟ್ಟೆಯಲ್ಲಿ ಗಡ್ಡೆಯಾಗಿ ಹುಬ್ಬಳ್ಳಿಯ ದವಾಖಾನೆಗೆ ಹಾಕಿದಾಗ ಮೂರು ವಾರ ಹಾಸಿಗೆಯ ಬಾಜು ಕುಳಿತವಳು ಅಕ್ಕ. ನಾನು ಆದಿತ್ಯವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಒಂದು ಆದಿತ್ಯವಾರ ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಗುಣವಾಗುವ ಮಾತಿಲ್ಲ, ಇಲ್ಲಿ ಇಟ್ಟರೂ ಸರಿ, ಮನೆಗೆ ಕರೆದೊಯ್ದರೂ ಸರಿ, ಯೋಚನೆ ಮಾಡಿ ಎಂದರು. ನಾನು ಒಳಗೆ ಬಂದು ಅವ್ವನ ಕಿವಿಯ ಹತ್ತಿರ ಬಾಗಿ, "ಅವ್ವಾ, ಮನಿಗೆ ಹೋಗೂಣಲ್ಲಾ?" ಎಂದು ಕೇಳಿದೆ. ಅವ್ವ "ಹೂಂ" ಎಂದಳು. ಗಾಡಿ ಮಾಡಿಕೊಂಡು ಕರೆತಂದೆ. ಮನೆಯಲ್ಲಿ ಹನ್ನೊಂದು ದಿನ ಇದ್ದಳು. ಆ ಹನ್ನೊಂದು ದಿನ ಅವಳು ನೋವಿಗೆ ಹೇಗೆ ಒದ್ದಾಡಿದಳು ಎನ್ನುವುದನ್ನು ನಾನು ಬರೆಯುವುದಿಲ್ಲ.

ಮಣ್ಣಾದ ಮೇಲೆ ಅಕ್ಕ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಉಂಡಿಯಾ, ಬಸ್ಸು ಎಷ್ಟಕ್ಕೆ, ಇಷ್ಟೇ. ನನ್ನನ್ನು ತಪ್ಪುಗಾರನೆಂದು ತಿಳಿದಿದ್ದಾಳೆ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಆದರೆ ನನ್ನ ಕೈಯಲ್ಲಿ ಅವ್ವನ "ಹೂಂ" ಇತ್ತು. ಅವಳೇ ಒಪ್ಪಿದ್ದಳು, ಅವಳಿಗೇ ತನ್ನ ಮನೆ ಬೇಕಾಗಿತ್ತು. ಅದೊಂದನ್ನು ಹಿಡಿದುಕೊಂಡು ನಾನು ಮಲಗಿ ಏಳುತ್ತಿದ್ದೆ. ಅದು ಸುಳ್ಳಾದರೆ ನಾನು ಏನಾಗುತ್ತೇನೆ ಎಂದು ಯೋಚಿಸುವ ಧೈರ್ಯ ನನಗಿರಲಿಲ್ಲ.

ನಮ್ಮ ಗೈಡು ಮೈಸೂರು ಸೀಮೆಯವರು. ಮೃದು ಮಾತಿನ, ಕಟ್ಟುನಿಟ್ಟಿನ ಮನುಷ್ಯ. ಹಳ್ಳಿಗಳಲ್ಲಿ ರೇಡಿಯೋದ ಕೃಷಿ ಕಾರ್ಯಕ್ರಮವನ್ನು ಯಾರು ಕೇಳುತ್ತಾರೆ, ಕೇಳಿ ಏನು ಮಾಡುತ್ತಾರೆ ಎನ್ನುವುದನ್ನು ನನ್ನ ವಿಷಯವಾಗಿ ಅವರೇ ಆರಿಸಿಕೊಟ್ಟರು. ನಾನು ಹೌದ್ರೀ ಸರ್ ಎಂದೆ. ಮಾದರಿ ಆಯ್ಕೆ ಅಂದರೇನು, ಪ್ರಶ್ನಾವಳಿ ಹೇಗಿರಬೇಕು, ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಯಾಕೆ ಕೇಳಬಾರದು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದರು. ಪ್ರತಿ ವಾಕ್ಯಕ್ಕೂ ನಾನು ಹೌದ್ರೀ ಸರ್ ಎನ್ನುತ್ತ ಹೋದೆ. ಅವರು ಹೇಳಿದ್ದು ಒಂದೂ ತಲೆಗೆ ಹತ್ತಿರಲಿಲ್ಲ. ಇಷ್ಟು ಚುರುಕಾಗಿ ಗ್ರಹಿಸುವ ಹುಡುಗ ಸಿಕ್ಕಿದನೆಂದು ಅವರು ಸಂತೋಷಪಟ್ಟರು.

ಪ್ರಶ್ನಾವಳಿಯನ್ನು ನಾನೇ ಬರೆದೆ, ಸೈಕ್ಲೋಸ್ಟೈಲ್ ಮಾಡಿಸಿದೆ. ಇಪ್ಪತ್ತೆರಡು ಪ್ರಶ್ನೆ, ಅಗದಿ ಗ್ರಾಂಥಿಕ ಕನ್ನಡ. "ತಾವು ಪ್ರತಿದಿನ ಸಂಜೆ ಕೃಷಿ ಕಾರ್ಯಕ್ರಮವನ್ನು ಆಲಿಸುತ್ತೀರಿ ಅಲ್ಲವೇ?" ಎನ್ನುವುದು ಎಂಟನೆಯ ಪ್ರಶ್ನೆ. "ಅದರಿಂದ ತಮಗೆ ಪ್ರಯೋಜನವಾಗಿದೆ ಅಲ್ಲವೇ?" ಎನ್ನುವುದು ಒಂಬತ್ತನೆಯದು. ಪ್ರತಿ ಪ್ರಶ್ನೆಯ ಮುಂದೆ ಎರಡು ಚೌಕ, ಒಂದು ಹೌದು, ಒಂದು ಇಲ್ಲ. ಗೈಡು ಪರೀಕ್ಷೆ ಪತ್ರಿಕೆಗಳ ಗಡಿಬಿಡಿಯಲ್ಲಿದ್ದರು. ಮೇಲಿನ ಪುಟ ನೋಡಿ ಸಹಿ ಹಾಕಿದರು.

ಊರು ತಿರ್ಲಾಪುರ. ಅಲ್ಲಿ ನನಗೆ ಯಾರ ಪರಿಚಯವೂ ಇರಲಿಲ್ಲ, ಅದಕ್ಕೇ ಆರಿಸಿದ್ದೆ. ನವಲಗುಂದಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಸಿಕ್ಕ ಗಾಡಿ ಹತ್ತಿ ಹೋಗುತ್ತಿದ್ದೆ. ಹತ್ತಿ ಬಿಡಿಸುವ ದಿನಗಳು. ಪಡಸಾಲೆಗಳಲ್ಲೆಲ್ಲ ತೊಲೆಯ ಮಟ್ಟ ಹತ್ತಿ ಒಟ್ಟಿದ್ದರು. ಉಳಿದ ಒಂದಿಷ್ಟು ಜಾಗದಲ್ಲಿ ಜಮಖಾನ ಹಾಸಿ ನನ್ನನ್ನು ಕೂರಿಸುತ್ತಿದ್ದರು, ಚಹಾ ಕೊಡುತ್ತಿದ್ದರು. ನಾನು ಓದುತ್ತಿದ್ದೆ, ಅವರು ಹೌದ್ರಿ ಎನ್ನುತ್ತಿದ್ದರು, ನಾನು ಗುರುತು ಹಾಕುತ್ತಿದ್ದೆ. ಉತ್ತರ ಕೊಟ್ಟವರ ಮುಖದ ಕಡೆ ನೋಡಿದ ನೆನಪೇ ಇಲ್ಲ. ಐದು ದಿನಕ್ಕೆ ಮೂವತ್ತು ಮನೆ ಮುಗಿದವು. ಇಷ್ಟು ಸಲೀಸಾದ ಕೆಲಸವನ್ನು ನಾನು ಅದುವರೆಗೆ ಮಾಡಿರಲಿಲ್ಲ.

ತುಂಬಿ ತಂದ ಹಾಳೆಗಳ ಕಟ್ಟನ್ನು ಗೈಡು ತಿರುವಿ ಹಾಕಿದರು. ಆಮೇಲೆ ಎಂಟನೆಯ ಪ್ರಶ್ನೆಯ ಮೇಲೊಂದು ಬೆರಳು, ನಾಲ್ಕನೆಯದರ ಮೇಲೊಂದು ಬೆರಳು ಇಟ್ಟು ನನ್ನ ಕಡೆ ತಿರುಗಿಸಿದರು. ನಾಲ್ಕನೆಯದು, ಮನೆಯಲ್ಲಿರುವ ವಸ್ತುಗಳನ್ನು ನಾನೇ ಕಣ್ಣಾರೆ ನೋಡಿ ಬರೆದುಕೊಂಡದ್ದು. ಮೂವತ್ತು ಮನೆಗಳಲ್ಲಿ ರೇಡಿಯೋ ಇದ್ದದ್ದು ಏಳರಲ್ಲಿ. ಕೃಷಿ ಕಾರ್ಯಕ್ರಮವನ್ನು ದಿನಾ ಕೇಳುತ್ತಿದ್ದದ್ದು ಮೂವತ್ತೂ ಮನೆಗಳು. ರೇಡಿಯೋ ಇಲ್ಲದೆ ಇವರು ಏನನ್ನು ಕೇಳುತ್ತಾರಪ್ಪ ಎಂದು ಗೈಡು ಮೆಲ್ಲಗೆ ವಿಚಾರಿಸಿದರು. ನಾನು ಹೌದ್ರೀ ಸರ್ ಎಂದೆ. ಆಗ ಅವರಿಗೆ ಸಿಟ್ಟು ಬಂತು. ಇನ್ನೊಮ್ಮೆ ಹೋಗು, ಒಂದೇ ಮನೆಗಾದರೂ ಹೋಗು, ಯಾಕೆ ಹೀಗೆ ಹೇಳಿದರು ಎಂದು ತಿಳಿದುಕೊಂಡು ಬಾ, ಇಲ್ಲದಿದ್ದರೆ ನನ್ನ ಹತ್ತಿರ ಬರಬೇಡ ಎಂದರು. ಬೈಸಿಕೊಂಡರೂ ನನಗೆ ಏನೂ ಅನಿಸಲಿಲ್ಲ.

ಮರುದಿನ ಹೋದೆ. ಊರಿಗೆ ಕಾಲಿಟ್ಟರೆ ಸಿಗುವ ಮೊದಲ ಮನೆಯಲ್ಲಿ ಒಬ್ಬ ಮುದುಕಿ ಹತ್ತಿಯೊಳಗಿನ ಕಸ ಆರಿಸುತ್ತ ಕುಳಿತಿದ್ದಳು. ನನ್ನ ಹಾಳೆಯ ಪ್ರಕಾರ ಹೋದ ಸಲ ಉತ್ತರ ಕೊಟ್ಟವಳು ಆ ಮನೆಯ ಮುದುಕಿಯೇ. ಆ ಮನೆಯಲ್ಲಿ ರೇಡಿಯೋ ಇರಲಿಲ್ಲ. ನಾನು ಈ ಸಲ ಹಾಳೆ ತೆಗೆಯಲಿಲ್ಲ. ದಿನಾ ಕೇಳತೀನಿ ಅಂತ ನನಗೆ ಯಾಕೆ ಹೇಳಿದ್ರಿ ಎಂದು ನೇರವಾಗಿ ಕೇಳಿದೆ. ದನಿಯಲ್ಲಿ ತಕರಾರು ಇದ್ದಿರಬೇಕು. ಆಕೆ ಕೈ ನಿಲ್ಲಿಸಿ ನನ್ನನ್ನು ನೋಡಿದಳು.

"ನಾ ಎಲ್ಲಿ ಕೇಳತೀನಿ ಅಂದೆಪಾ? ನೀ ಏನೋ ಓದಾಕ ಹತ್ತಿದ್ದಿ. ಹೌದ್ರಿ ಅಂದೆ."

"ಹೌದ್ರಿ ಅಂದ್ರ ಹೌದು ಅಂತಲ್ಲೇನು?"

"ಹೌದ್ರಿ ಅಂದ್ರ ನಿನ್ನ ಮಾತು ನನ್ನ ಕಿವಿಗೆ ಬಿತ್ತು ಅಂತ. ಓದಿದಂವ ಒಬ್ಬ ಮನಿಗೆ ಬಂದು ಮಾತಾಡುವಾಗ ಸುಮ್ಮನ ಕುಂಡ್ರಾಕ ಬರತೈತೇನು? ಇಲ್ಲ ಅಂದ್ರ ನಿನ್ನ ಮಾತು ಕಡದಂಗ ಆಗತಿತ್ತು. ಯಾವ ಊರಾಂವ ನೀ?"

ಕುಂದಗೋಳದ ಕಡೆಯವ ಎಂದೆ. ಹಂಗಾದರೆ ಇದೂ ಗೊತ್ತಿಲ್ಲವೇನು ಎಂಬಂತೆ ನಕ್ಕು ಆಕೆ ಮತ್ತೆ ಹತ್ತಿಗೆ ಕೈ ಹಚ್ಚಿದಳು.

ಗೊತ್ತಿಲ್ಲದೆ ಏನು. ಹುಟ್ಟಿದಾಗಿನಿಂದ ಆ ಮಾತು ನನ್ನ ಬಾಯಲ್ಲೂ ಇತ್ತು. ಹಿಂದಿನ ದಿನವಷ್ಟೇ ಗೈಡಿನ ಮುಂದೆ ಅದನ್ನೇ ಅಂದು ಬಂದಿದ್ದೆ. ಆದರೆ ಕೈಗೆ ಹಾಳೆ, ಪೆನ್ನು ಬಂದ ಕೂಡಲೇ ನನ್ನ ಜನರ ಕನ್ನಡ ನನಗೆ ಮರೆತುಹೋಗಿತ್ತು. ಕಿವಿಗೆ ಬಿತ್ತು ಎಂದವರನ್ನೆಲ್ಲ ಒಪ್ಪಿಕೊಂಡವರ ಚೌಕದಲ್ಲಿ ಕೂಡಿಸಿದ್ದೆ. ಆಕೆ ಕೊಟ್ಟ ಚಹಾ ಕುಡಿದೆ. ಊರ ಹೊರಗೆ ಬಂದು ಗಾಡಿ ಕಾಯುತ್ತ ನಿಂತಾಗ, ಅವ್ವನ ಕಿವಿಯ ಹತ್ತಿರ ನಾನು ಕೇಳಿದ ಪ್ರಶ್ನೆ ಅಕ್ಷರಕ್ಕಕ್ಷರ ನೆನಪಾಯಿತು. ಹೋಗೂಣಲ್ಲಾ? ಎಂಟನೆಯ ಪ್ರಶ್ನೆಯೇ ಅದು. ಉತ್ತರ ಒಳಗೇ ಇತ್ತು, ಅವ್ವನಿಗೆ ಹೂಂಗುಟ್ಟುವುದೊಂದೇ ಬಾಕಿ ಇತ್ತು. ನನಗೆ ಹೆದರಿಕೆಯಾಯಿತು. ಮೂರು ತಿಂಗಳಲ್ಲಿ ನನಗಾದ ಮೊದಲ ಭಾವನೆ ಆ ಹೆದರಿಕೆ.

ಹುಬ್ಬಳ್ಳಿಗೆ ಬಂದವನು ಧಾರವಾಡದ ಬಸ್ಸು ಹತ್ತಲಿಲ್ಲ. ಕುಂದಗೋಳಕ್ಕೆ ಹೋದೆ. ಮಧ್ಯಾಹ್ನ ಮೂರರ ಹೊತ್ತು, ಅಕ್ಕ ಒಬ್ಬಳೇ ಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಗಾಬರಿಯಾಗಲಿಲ್ಲ, ನಗಲೂ ಇಲ್ಲ. ಉಂಡಿಯಾ ಎಂದಳು. ಉಂಡೆ ಎಂದು ಸುಳ್ಳು ಹೇಳಿ ಎದುರಿಗೆ ಕುಳಿತೆ.

ಕ್ಲಾಸಿನಲ್ಲಿ ತಲೆಗೆ ಹತ್ತದ ಪಾಠ ಆಗ ಬಂತು. ಚಿಕ್ಕದಾಗಿ ಕೇಳು, ಉತ್ತರ ನೀನೇ ಹಾಕಬೇಡ, ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂತಿರು. ದವಾಖಾನೆಯಲ್ಲಿ ಅವ್ವ ನಿನ್ನ ಕೂಡ ಏನು ಮಾತಾಡುತ್ತಿದ್ದಳು ಎಂದು ಕೇಳಿದೆ. ಅಕ್ಕ ಮೊರದಲ್ಲಿ ಕೇರುವುದನ್ನು ನಿಲ್ಲಿಸಲಿಲ್ಲ. ನಾನು ಸುಮ್ಮನಿದ್ದೆ. ಅಷ್ಟು ಹೊತ್ತು ಸುಮ್ಮನಿರುವುದು ನನ್ನ ಸ್ವಭಾವವಲ್ಲ. ನಾನು ಕೇಳಬೇಕೆಂದು ಬಯಸಿದ ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತ್ತು, ಮನೆಗೆ ಹೋಗಬೇಕು ಅಂತಿದ್ದಳಲ್ಲಾ ಎಂದು. ಅದನ್ನು ನುಂಗಿಕೊಂಡೆ.

ಅಕ್ಕ ಮೊರ ಕೆಳಗಿಟ್ಟಳು. ಅವ್ವ ಬೆಳಗಾದರೆ ನೋವು ಇಳಿಯುವ ಸೂಜಿ ಮಾಡುವ ನರ್ಸಿನ ದಾರಿ ಕಾಯುತ್ತಿದ್ದಳಂತೆ. ಸೂಜಿ ಮಾಡಿದ ಮೇಲೆ ಎರಡು ತಾಸು ಹಗುರಾಗಿ ಮಾತಾಡುತ್ತಿದ್ದಳಂತೆ, ಬಾಜು ಹಾಸಿಗೆಯವರನ್ನು ನಗಿಸುತ್ತಿದ್ದಳಂತೆ. ನಾನು ಬಂದು ಕೇಳಿದ ಹಿಂದಿನ ದಿನ ಅಕ್ಕನ ಕೈ ಹಿಡಿದು ಹೇಳಿದ್ದಳಂತೆ.

"ಇಲ್ಲೇ ಇರೂಣು, ಮನ್ಯಾಗ ಸೂಜಿ ಯಾರ ಮಾಡತಾರ ಅಂದ್ಲು."

ಹಾಗಿದ್ದರೆ ನನಗೆ ಯಾಕೆ ಹೂಂ ಅಂದಳು ಎಂದೆ. ನಿನ್ನ ಮಾತಿಗೆ ಆಕಿ ಎಂದಾದರೂ ಇಲ್ಲ ಅಂದಿದ್ದಳೇನು ಎಂದಳು ಅಕ್ಕ. ನನಗೆ ಸಿಟ್ಟು ಬಂತು, ಆ ಸಿಟ್ಟನ್ನು ಇಳಿಸಲು ಬೇರೆ ಜಾಗ ಸಿಗದೆ ಆಕೆಯ ಮೇಲೆಯೇ ಇಳಿಸಿದೆ. ನೀನಾದರೂ ನನಗೆ ಹೇಳಬೇಕಿತ್ತು, ನಿನಗೆ ಗೊತ್ತಿತ್ತು, ಮೂರು ತಿಂಗಳಿಂದ ಮುಖ ತಿರುಗಿಸಿಕೊಂಡು ನನ್ನನ್ನು ಕೊಲ್ಲುತ್ತಿದ್ದೀ ಎಂದೆ.

ಅಕ್ಕ ಮೊರದೊಳಗಿನ ಒಂದು ಹರಳು ಆರಿಸಿ ಹೊರಗೆ ಎಸೆದಳು.

"ನಿನ್ನ ಮ್ಯಾಲ ನನಗ ಸಿಟ್ಟಿಲ್ಲೋ. ಗಾಡಿ ತರತೀನಿ, ಸಾಮಾನು ಕಟ್ಟು ಅಂತ ನೀ ಬಂದು ಹೇಳಿದಿ. ನಾನೂ ಹೂಂ ಅಂದೆ."

ಆಗ ನನಗೆ ಅಳು ಬಂತು. ತಡೆಯಲು ಬರಲಿಲ್ಲ. ಅಕ್ಕನೂ ಅಳುತ್ತಿದ್ದಳು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, ಜೋಳದ ಮೊರವನ್ನು ಮೊಣಕಾಲಿನಿಂದ ಆಚೆ ಸರಿಸಿ. ಬಹಳ ಹೊತ್ತಾದ ಮೇಲೆ ಆಕೆ, ನೀನು ಉಂಡಿಲ್ಲ, ನನಗೆ ಗೊತ್ತು, ಎಂದಳು. ಇಲ್ಲ, ಉಂಡಿಲ್ಲ, ಎಂದೆ.