ಕಂಡದ್ದು, ಕೇಳಿದ್ದು, ಕಟ್ಟಿದ್ದು

ಬಸ್ಸು ತಪ್ಪಬಹುದಿತ್ತು. ಸಿಕ್ಕ ಬಸ್ಸು ಸುಂಟಿಕೊಪ್ಪ ದಾಟಿದ ಮೇಲೆ ಕೆಟ್ಟು ನಿಲ್ಲಬಹುದಿತ್ತು. ಕನ್ನಡಕ ಮನೆಯಲ್ಲೇ ಉಳಿಯಬಹುದಿತ್ತು. ಇದೆಯೇ ಇದೆಯೇ ಎಂದು ಜೇಬು ಮುಟ್ಟಿ ಮುಟ್ಟಿ ಅದರ ಒಂದು ಕಡ್ಡಿಯೇ ಸಡಿಲವಾಗಿತ್ತು. ಮೈಕು ಕೈಕೊಡಬಹುದಿತ್ತು, ಮೈಕು ಸರಿಯಿದ್ದರೆ ಗಂಟಲು ಕೈಕೊಡಬಹುದಿತ್ತು. ನನ್ನ ಮಾತಿಗೆ ಮುಂದಿನ ಸಾಲಿನ ದೊಡ್ಡವರು ಎದ್ದು ಹೋಗಬಹುದಿತ್ತು, ಕುಶಾಲನಗರದಲ್ಲಿರುವ ನನ್ನ ಪ್ರೆಸ್ಸಿಗೆ ಮದುವೆ ಕಾರ್ಡಿನ ಕೆಲಸ ನಿಂತುಹೋಗಬಹುದಿತ್ತು. ಯಾರಾದರೂ ಕಲ್ಲೆಸೆಯಬಹುದಿತ್ತು. ಮಾದಾಪುರದಲ್ಲಿ ಭಾಷಣ ಮಾಡಿದವರ ಮೇಲೆ ಯಾರೂ ಕಲ್ಲು ಬೀರಿದ್ದು ನನಗೆ ಗೊತ್ತಿಲ್ಲ, ನಿಜ. ಆದರೆ ಮೊದಲನೆಯವನು ಅಂತ ಒಬ್ಬ ಆಗಲೇಬೇಕಲ್ಲ. ಇದೆಲ್ಲಕ್ಕಿಂತ ಹೆಚ್ಚಾಗಿ ನಾನು ಹೆದರಿದ್ದು, ಸಭೆಯಲ್ಲಿ ಯಾರಾದರೂ ಎದ್ದು ನಿಂತು ಒಂದು ಪ್ರಶ್ನೆ ಕೇಳಿಬಿಟ್ಟರೆ ಎಂದು.

ಇಷ್ಟನ್ನೂ ಹೊತ್ತುಕೊಂಡು, ಮಾದಾಪುರದಲ್ಲಿ ನಾನು ಓದಿದ ಮಿಡ್ಲ್ ಸ್ಕೂಲಿನ ವಾರ್ಷಿಕೋತ್ಸವಕ್ಕೆ ಭಾಷಣ ಮಾಡಲು ಹೊರಟಿದ್ದೆ. ಬಸ್ಸಿನಲ್ಲಿ ನನ್ನ ಸೀಟಿನ ಕೆಳಗೆ ಯಾರೋ ಒಣಮೀನಿನ ಬುಟ್ಟಿ ತಳ್ಳಿದ್ದರು. ಪಕ್ಕದವರು ಕರವಸ್ತ್ರ ಮೂಗಿಗಿಟ್ಟುಕೊಂಡರು. ಕೊರಳಲ್ಲಿ ಲಿಂಗ ಕಟ್ಟುವ ಮನೆಯಲ್ಲಿ ಹುಟ್ಟಿದ ನಾನು ಮಾತ್ರ ಆ ವಾಸನೆಯನ್ನು ಒಳಗೆಳೆದುಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡು ಕೂತೆ. ನನ್ನ ಮೂಗಿಗೆ ಅದು ಮೀನಿನ ವಾಸನೆಯಲ್ಲ. ಅದು ಪೇಪರಿನ ವಾಸನೆ. ನಮ್ಮ ಮೇಷ್ಟ್ರ ವಾಸನೆ...

ಐವತ್ತರ ದಶಕ. ಕೊಡಗು ಆಗ ತನ್ನಷ್ಟಕ್ಕೆ ತಾನೇ ಒಂದು ರಾಜ್ಯ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ರಾಜ್ಯವೇ ಮುಗಿದುಹೋಗುತ್ತಿತ್ತು. ಆದರೂ ಅದಕ್ಕೆ ಮಂತ್ರಿಗಳಿದ್ದರು, ಶಾಸನಸಭೆಯಿತ್ತು, ಮೈಸೂರಿನ ಜೊತೆ ಸೇರಬೇಕೋ ಬೇಡವೋ ಎಂಬ ಜಗಳವಿತ್ತು. ಸೇರಬೇಕೆನ್ನುವವರು ಒಂದು ಚಹಾದಂಗಡಿಯಲ್ಲಿ, ಬೇಡವೆನ್ನುವವರು ಎದುರಿನದರಲ್ಲಿ ಕೂರುತ್ತಿದ್ದರು. ಪೇಪರು ಮಡಿಕೇರಿಯಿಂದ ಬರುವ ಬಸ್ಸಿನ ನೆತ್ತಿಯ ಮೇಲೆ ಬರುತ್ತಿತ್ತು. ಅದೇ ನೆತ್ತಿಯ ಮೇಲೆ ಮಂಗಳೂರು ಕಡೆಯ ಒಣಮೀನಿನ ಬುಟ್ಟಿಗಳೂ ಬರುತ್ತಿದ್ದವು. ಹಾಗಾಗಿ ಮಂತ್ರಿಗಳ ಭಾಷಣವೆಲ್ಲ ನಮಗೆ ಸೀಗಡಿ ನಾತದಲ್ಲೇ ತಲುಪುತ್ತಿತ್ತು. ಪೇಪರು ಮುಟ್ಟಿದ ದಿನ ಅವ್ವ ನನ್ನನ್ನು ಹಿತ್ತಿಲಿನಲ್ಲೇ ನಿಲ್ಲಿಸಿ ನೀರು ಹುಯ್ಯುತ್ತಿದ್ದಳು. ರಾಜಕೀಯಕ್ಕೆ ಮೈಲಿಗೆ ಇದೆ ಎಂದು ನನಗೆ ಮೊದಲು ಕಲಿಸಿದವಳು ಅವಳೇ.

ಆ ಪೇಪರನ್ನು ತಮ್ಮ ಸ್ವಂತ ದುಡ್ಡಿನಲ್ಲಿ ತರಿಸುತ್ತಿದ್ದವರು ಮೇಷ್ಟ್ರು. ಹಾಸನದ ಕಡೆಯಿಂದ ಬಂದವರು. ತೆಳ್ಳಗೆ, ಸದಾ ನೆಗಡಿ. ಶುಕ್ರವಾರದ ಕೊನೆಯ ಪೀರಿಯಡ್ಡಿಗೆ ಪೇಪರನ್ನು ಹಲಗೆಯ ಮೇಲೆ ಹರವಿ, ಒಂದು ತುದಿ ಕೆಂಪು ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲನ್ನು ನಮ್ಮ ಕೈಗೆ ಕೊಡುತ್ತಿದ್ದರು. ಒಬ್ಬರು ಭಾಷಣದ ಸುದ್ದಿಯನ್ನು ಗಟ್ಟಿಯಾಗಿ ಓದಬೇಕು. ಪ್ರತಿ ವಾಕ್ಯಕ್ಕೂ ನಿಲ್ಲಬೇಕು. ಬರೆದವನು ಇದನ್ನು ಕಣ್ಣಾರೆ ಕಂಡನೋ, ಯಾರಿಂದಲೋ ಕೇಳಿದನೋ, ಅಥವಾ ತಾನೇ ಕಟ್ಟಿದನೋ? ಕಂಡದ್ದಕ್ಕೆ ನೀಲಿ ಗೆರೆ, ಕೇಳಿದ್ದಕ್ಕೆ ಕೆಂಪು ಗೆರೆ, ಕಟ್ಟಿದ್ದಕ್ಕೆ ಸುತ್ತಲೂ ಒಂದು ಸೊನ್ನೆ. ಸೊನ್ನೆ ಬಿದ್ದರೆ ಅದು ಸುಳ್ಳು ಎಂದಲ್ಲ, ಮನೆಯನ್ನೂ ಕಟ್ಟುತ್ತಾರೆ, ಆದರೆ ಕಟ್ಟಿಸಿದವರು ಯಾರು ಎಂದು ಕೇಳುವುದರಲ್ಲಿ ತಪ್ಪಿಲ್ಲ ಎನ್ನುತ್ತಿದ್ದರು. ಕೆಲವು ಶುಕ್ರವಾರ ಪೇಪರಿನ ತುಂಬ ಸೊನ್ನೆಗಳೇ ಬಿದ್ದು, ಅದು ಸಿಡುಬು ಎದ್ದವರ ಮುಖದಂತೆ ಕಾಣುತ್ತಿತ್ತು.

ಅವರು ಯಾವ ಕಡೆಯವರು ಎಂಬುದು ಮಾತ್ರ ನಮಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಸೇರಬೇಕೆನ್ನುವವರ ಒಬ್ಬ ಮುಖಂಡ, ರಾಜ್ಯದ ಎಲ್ಲ ಸ್ಕೂಲುಗಳ ಕಟ್ಟಡವೂ ಪಾಳುಬಿದ್ದಿದೆ ಎಂದು ಭಾಷಣ ಮಾಡಿದ್ದಾಗ, ನಮ್ಮನ್ನೇ ಎಬ್ಬಿಸಿ ಸೂರು ನೋಡಿಸಿದರು. ಒಂದು ಮೂಲೆ ಸೋರುತ್ತಿತ್ತು, ಉಳಿದದ್ದು ಗಟ್ಟಿಯಾಗಿತ್ತು. ಆ ವಾಕ್ಯಕ್ಕೆ ಸೊನ್ನೆ ಬಿತ್ತು. ಮರುದಿನವೇ ಒಂದು ಚಹಾದಂಗಡಿ ಅವರ ಮೇಲೆ ಮುನಿಸಿಕೊಂಡಿತು. ಇನ್ನೊಂದು ಚಹಾದಂಗಡಿ ಮುನಿಸಿಕೊಳ್ಳುವುದಷ್ಟೇ ಬಾಕಿಯಿತ್ತು. ಅದಕ್ಕೆ ಕಾರಣವಾದದ್ದು ನನ್ನ ಅಪ್ಪನ ಕೊಡೆ.

ಅಪ್ಪ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರು, ಆಳುಗಳ ಲೆಕ್ಕ ಬರೆಯುವವರು. ಮಳೆಯಿರಲಿ ಬಿಸಿಲಿರಲಿ ಕೈಯಲ್ಲಿ ಕರೀ ಕೊಡೆ. ತೋಟದ ಇಳಿಜಾರಿನಲ್ಲಿ ಕೂಗಿದರೆ ಕೇಳುವುದಿಲ್ಲ. ಪಿಕ್ಕಿಂಗ್ ನಿಲ್ಲಿಸಿ ಎನ್ನಲು ಅವರು ದಿಣ್ಣೆ ಹತ್ತಿ ಕೊಡೆ ಎತ್ತುತ್ತಿದ್ದರು. ಎಲ್ಲೆಲ್ಲಿದ್ದವರೂ ಕೆಲಸ ಬಿಟ್ಟು ಇಳಿದು ಬರುತ್ತಿದ್ದರು. ಕೂಲಿಗಳ ಸಾಲುಮನೆಗಳಲ್ಲಿ, ಅಂದರೆ ಲೈನಿನಲ್ಲಿ, ಇದ್ದವರಲ್ಲಿ ಹೆಚ್ಚಿನವರು ತಮಿಳರು, ಅಪ್ಪನ ಕನ್ನಡಕ್ಕಿಂತ ಅಪ್ಪನ ಕೊಡೆ ಅವರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಮೈಸೂರು ಬೇಡವೆನ್ನುವವರ ದೊಡ್ಡ ಮುಖಂಡರು ಮಾದಾಪುರದ ಸಂತೆ ಮೈದಾನಕ್ಕೆ ಭಾಷಣಕ್ಕೆ ಬಂದ ದಿನ ಎಸ್ಟೇಟಿನ ಲಾರಿ ಲೈನಿನವರನ್ನೆಲ್ಲ ತಂದು ಇಳಿಸಿತು. ಮೇಷ್ಟ್ರು ನಮ್ಮನ್ನು ಬೇರೆ ಬೇರೆ ಕಡೆ ನಿಲ್ಲಿಸಿದ್ದರು. ನಾನು ವೇದಿಕೆಯ ಕೆಳಗೆ, ಮುಖಂಡರ ಬಾಯಿ ನೋಡಬೇಕು. ಚಹಾದಂಗಡಿಯ ಮಲಯಾಳಿ ಕಾಕನ ಮಗಳು, ನಮ್ಮ ಕ್ಲಾಸಿನವಳೇ, ಅಂಗಡಿಯ ಮೆಟ್ಟಿಲ ಮೇಲೆ, ಜನರನ್ನು ನೋಡಬೇಕು. ಪೇಪರು ಬಂದಾಗ ನಾವು ಕಂಡದ್ದನ್ನೂ ಅದು ಬರೆದದ್ದನ್ನೂ ಎದುರುಬದುರು ಇಡುವುದು ಪಾಠ.

ಭಾಷಣ ಚೆನ್ನಾಗಿಯೇ ನಡೆಯಿತು. ವೇದಿಕೆಯ ಹಿಂದೆ ದಿಬ್ಬದ ಮೇಲೆ ಅಪ್ಪ ಆಗಾಗ ಕೊಡೆ ಎತ್ತುತ್ತಿದ್ದರು, ಲೈನಿನವರು ಕೈ ತಟ್ಟುತ್ತಿದ್ದರು. ಕೊನೆಗೆ ಮುಖಂಡರು ದನಿ ತಗ್ಗಿಸಿ, ಆ ತಿಂಗಳು ತೀರಿಕೊಂಡಿದ್ದ ಹಿರಿಯರೊಬ್ಬರನ್ನು ನೆನೆದರು. ಕಣ್ಣೊರೆಸಿಕೊಂಡು, ಅವರು ನಮ್ಮನ್ನು ಬಿಟ್ಟು ಹೋದರು ಎಂದರು. ಅದೇ ಹೊತ್ತಿಗೆ ಮಳೆ ಹನಿಯಿತು. ಅಪ್ಪ, ಪಾಪ, ನೆನೆಯಬಾರದೆಂದು ಕೊಡೆ ಬಿಚ್ಚಿ ಮೇಲೆತ್ತಿದರು.

ಮೈದಾನವೆಲ್ಲ ಚಪ್ಪಾಳೆ. ಆ ದಿನದ ಅತಿ ದೊಡ್ಡ ಚಪ್ಪಾಳೆ ಅದೇ. ಅಪ್ಪ ಕೊಡೆ ಇಳಿಸುವ ಹಾಗಿಲ್ಲ, ಮಳೆ ನಿಲ್ಲುವ ಹಾಗಿಲ್ಲ, ಚಪ್ಪಾಳೆ ಮುಗಿಯುವ ಹಾಗಿಲ್ಲ...

ಶುಕ್ರವಾರ ಪೇಪರು ಬಂತು. ಅಗಲಿದ ಹಿರಿಯರನ್ನು ನೆನೆದು ಮುಖಂಡರು ಆಡಿದ ಮಾತಿಗೆ ತೋಟದ ಕಾರ್ಮಿಕರು ಮನಸೋತು ದೀರ್ಘ ಕರತಾಡನ ಮಾಡಿದರು ಎಂದಿತ್ತು. ಓದುವ ಸರದಿ ನನ್ನದು. ಓದಿದೆ. ಪೆನ್ಸಿಲು ಕೈಯಲ್ಲಿತ್ತು, ಯಾವ ತುದಿ ತಿರುಗಿಸಬೇಕೆಂದು ತೋಚಲಿಲ್ಲ. ಕಾಕನ ಮಗಳು ಎದ್ದಳು.

“ಮನಸೋತದ್ದಲ್ಲ ಸಾರ್. ಮಳೆ ಬಂತು, ರೈಟರು ಕೊಡೆ ಬಿಚ್ಚಿದ್ರು. ಅದಕ್ಕೇ ಹೊಡೆದದ್ದು. ಕೊಡೆ ಎತ್ತಿದಾಗೆಲ್ಲ ಹೊಡೀತಿದ್ರು, ನಾನು ನೋಡ್ತಾನೇ ಇದ್ದೆ.”

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆಮೇಲೆ ಒಂದೊಂದೇ ಮುಖ ನನ್ನ ಕಡೆ ತಿರುಗಿತು. ರೈಟರ ಮಗ ನಾನೊಬ್ಬನೇ. ಮೇಷ್ಟ್ರು ನಗಲಿಲ್ಲ. ಮೂಗೊರೆಸಿಕೊಂಡು, ನನ್ನ ಕೈಯಿಂದ ಪೆನ್ಸಿಲು ತೆಗೆದುಕೊಂಡು ತಾವೇ ಸೊನ್ನೆ ಸುತ್ತಿದರು.

“ಅವನ ಮುಖ ಯಾಕ್ರೋ ನೋಡ್ತೀರಿ? ಕೊಡೆ ರೈಟರದ್ದು, ಸರಿ. ಎತ್ತು ಅಂತ ರೈಟರಿಗೆ ಹೇಳ್ದೋರ್ ಯಾರು? ಅದನ್ನ ಕೇಳಿ.”

ನನ್ನನ್ನು ಉಳಿಸಲೆಂದು ಆಡಿದ ಮಾತು ಅದು. ಅದೇ ಅವರಿಗೆ ಮುಳುವಾಯಿತು. ಹೇಳಿಕೊಟ್ಟ ಪಾಠವನ್ನು ಮಕ್ಕಳು ಚಾಚೂ ತಪ್ಪದೆ ಮಾಡಿದರು: ಮನೆಗೆ ಹೋಗಿ ಕೇಳಿದರು. ರೈಟರಿಗೆ ಹೇಳಿದ್ದು ಯಾರಪ್ಪಾ? ಲಾರಿ ಯಾರದವ್ವಾ? ಭಾನುವಾರದ ಹೊತ್ತಿಗೆ ಪ್ರಶ್ನೆ ಎಸ್ಟೇಟಿನ ಯಜಮಾನರ ಬಂಗಲೆಯ ಮೆಟ್ಟಿಲು ಹತ್ತಿತ್ತು.

ಮುಂದಿನ ವಾರ ಸ್ಕೂಲು ಕಮಿಟಿ ಸೇರಿತು. ಕಮಿಟಿಯಲ್ಲಿ ಎರಡೂ ಚಹಾದಂಗಡಿಯವರಿದ್ದರು. ಕೊಡಗು ರಾಜ್ಯ ಇದ್ದಷ್ಟು ಕಾಲ ಅವರಿಬ್ಬರೂ ಒಪ್ಪಿದ ಸಂಗತಿ ನನಗೆ ತಿಳಿದಂತೆ ಒಂದೇ: ಈ ಮೇಷ್ಟ್ರು ಬೇಡ. ನಮಗೂ ಅವರಿಗೂ ನಡುವೆ ಬಿದಿರಿನ ತಟ್ಟಿ ಮಾತ್ರ ಇತ್ತು, ಎಲ್ಲ ಕೇಳುತ್ತಿತ್ತು. ಮಕ್ಕಳಿಗೆ ಹಿರಿಯರ ಮೇಲೆ ಗುಮಾನಿ ಕಲಿಸುತ್ತೀರಿ ಎಂದರು. ಸಿಲಬಸ್ಸಿನಲ್ಲಿ ಪೇಪರು ಎಲ್ಲಿದೆ ಎಂದರು. ಮೀನಿನ ನಾತದ ಕಾಗದವನ್ನು ಮಡಿವಂತರ ಮಕ್ಕಳ ಕೈಗೆ ಕೊಡುತ್ತೀರಿ ಎಂದವರೂ ಇದ್ದರು. ಅವರು ಮೀನು ತಿನ್ನುವ ಜನವೇ. ಇಷ್ಟೆಲ್ಲ ಆದಮೇಲೆ ಮೇಷ್ಟ್ರ ದನಿ ಕೇಳಿತು.

“ಮಕ್ಕಳು ಒಂದು ಪ್ರಶ್ನೆ ಕೇಳಿದಾವೆ. ಉತ್ತರ ಇದ್ರೆ ಕೊಡಿ ಸ್ವಾಮಿ. ನಾಳೆ ಕ್ಲಾಸಲ್ಲಿ ಹೇಳ್ತೀನಿ.”

ಯಾರೂ ಕೊಡಲಿಲ್ಲ. ಈಗ ನಾನು ಆ ಮೇಷ್ಟ್ರಿಗಿಂತ ಎಷ್ಟೋ ದೊಡ್ಡವನು, ತಲೆಯಲ್ಲಿ ಕೂದಲಿಲ್ಲ, ಬಿ.ಪಿ. ಮಾತ್ರೆ ನುಂಗುತ್ತೇನೆ, ಸಿಟ್ಟು ಮಾಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಆದರೂ ಆ ತಟ್ಟಿಯ ಆಚೆಗಿನ ಮೌನ ನೆನಪಾದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಒಂದು ಉತ್ತರ. ನಾವೇ ಹೇಳಿದೆವು ಎಂದಿದ್ದರೆ ಮುಗಿದಿತ್ತು. ಮಕ್ಕಳು ಕೆಂಪು ಗೆರೆ ಎಳೆದು ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದರು. ಅದರ ಬದಲು ಒಬ್ಬ ಮನುಷ್ಯನ ಅನ್ನಕ್ಕೆ ಕೈ ಹಾಕಿದರು.

ಮೇಷ್ಟ್ರ ಮೇಲಿನ ದೂರಿಗೆ ನೊಂದವರ ಸಹಿ ಬೇಕಿತ್ತು. ಬಂಗಲೆಯವರು ಅಪ್ಪನನ್ನು ಕರೆಸಿದರು. ಅಪ್ಪ ಹಾಕಿದರು. ನಾವಿದ್ದ ಮನೆ ಎಸ್ಟೇಟಿನದು, ಸೂರು ಎಸ್ಟೇಟಿನದು, ಆ ಕೊಡೆಯೂ ಎಸ್ಟೇಟಿನದೇ. ಸಂಜೆ ಕೊಡೆಯನ್ನು ಮೊಳೆಗೆ ತಗುಲಿಸಿ ಕೂತ ಅಪ್ಪನ ಎದುರು ನಿಂತು ಕೇಳಿದೆ: ಮೇಷ್ಟ್ರು ನಿನ್ನ ಮಾನ ಕಳೆದರು ಅಂತ ಬರೆದಿದ್ದಾರಂತಲ್ಲ, ಅದು ನೀನು ಕಂಡದ್ದೋ, ಕೇಳಿದ್ದೋ, ಬಂಗಲೆಯವರು ಕಟ್ಟಿದ್ದೋ?

ಹೊಡೆಯುತ್ತಾರೆಂದು ಕಣ್ಣು ಮುಚ್ಚಿದ್ದೆ. ಹೊಡೆಯಲಿಲ್ಲ.

“ತಟ್ಟೇಲಿ ಅನ್ನ ಕಾಣ್ತೈತಲ್ಲ ಮಗ. ಅದಕ್ಕೆ ಯಾವ್ ಗೆರೆ ಎಳೀತೀಯ, ಎಳ್ಕೋ.”

ಅಪ್ಪನ ಮೇಲೂ ಸಿಟ್ಟಿದೆ ನನಗೆ. ಆದರೆ ಆ ಸಿಟ್ಟನ್ನು ಪೂರ್ತಿ ಮಾಡಲಿಕ್ಕೆ ಆಗುವುದಿಲ್ಲ. ಅರ್ಧ ದಾರಿಯಲ್ಲಿ ನನ್ನ ಪ್ರೆಸ್ಸು ಅಡ್ಡ ಬರುತ್ತದೆ. ಎಲೆಕ್ಷನ್ ಬಂತೆಂದರೆ ಎಲ್ಲ ಪಕ್ಷದ ಕರಪತ್ರಗಳನ್ನೂ ನಾನೇ ಅಚ್ಚು ಹಾಕುವವನು. ಸೊನ್ನೆ ಸುತ್ತುವುದನ್ನು ಕಲಿತವನು ಸೊನ್ನೆಗಳನ್ನೇ ಮಾರಿ ಸಂಸಾರ ನಡೆಸುತ್ತಿದ್ದೇನೆ.

ಮೇಷ್ಟ್ರನ್ನು ರಾಜ್ಯದ ಆ ತುದಿಗೆ, ವಿರಾಜಪೇಟೆಯಾಚೆ ಕಾಡಂಚಿನಲ್ಲಿದ್ದ ಒಂಟಿ ಮೇಷ್ಟ್ರ ಸ್ಕೂಲಿಗೆ ಹಾಕಿದರು. ಅವರು ಹೊರಟದ್ದು ಪೇಪರು ತಂದು ಮಡಿಕೇರಿಗೆ ಮರಳುವ ಬಸ್ಸಿನಲ್ಲೇ. ಬೀಳ್ಕೊಡಲು ದೊಡ್ಡವರು ಯಾರೂ ಬರಲಿಲ್ಲ. ನಾನು, ಕಾಕನ ಮಗಳು, ಇನ್ನು ಕೆಲವರು ನಿಂತಿದ್ದೆವು. ಕಂಡಕ್ಟರು ಪೇಪರು ಎಸೆದು, ಟ್ರಂಕು ಮೇಲೆ ಹಾಕಲು ಜಾಗ ಮಾಡುತ್ತ, ಎಂತ ಮಾರಾಯ್ರೆ, ನಿಮ್ಮ ಪೆಟ್ಟಿಗೆಗೂ ಇನ್ನು ಮೀನಿನ ಪರಿಮಳವೇ ಎಂದು ನಕ್ಕ. ಮೇಷ್ಟ್ರು ಸೀನಿದರು. ಪೇಪರನ್ನು ನಮ್ಮ ಕಡೆ ಚಾಚಿದರು.

“ನಂಗೆ ನೆಗಡಿ, ವಾಸ್ನೆ ಗೊತ್ತಾಗಲ್ಲ. ನಿಮ್ಗೆ ಗೊತ್ತಾಗ್ತದೆ. ಮೂಗು ಮುಚ್ಕೊಂಡಾದ್ರೂ ಓದ್ರೋ.”

ಎರಡನೆಯ ಮಳೆಗಾಲದಲ್ಲಿ ಅವರು ಅಲ್ಲೇ ಜ್ವರ ಬಂದು ತೀರಿಕೊಂಡರಂತೆ. ಇದು ಕೇಳಿದ್ದು, ಕಂಡದ್ದಲ್ಲ. ಕೆಂಪು ಗೆರೆ. ಇಷ್ಟು ವರ್ಷವಾದರೂ ಅದನ್ನು ನೀಲಿ ಮಾಡಿಕೊಳ್ಳುವ ಧೈರ್ಯ ನನಗೆ ಬಂದಿಲ್ಲ. ಕೊಡಗು ಮೈಸೂರಿಗೆ ಸೇರಿತು. ಎರಡು ಚಹಾದಂಗಡಿಗಳೂ ಸೇರಿ ಒಂದು ಹೋಟೆಲಾದವು.

ಈ ಸಲ ವಾರ್ಷಿಕೋತ್ಸವದ ಸ್ಮರಣ ಪುಸ್ತಿಕೆ ಅಚ್ಚಿಗೆ ನನ್ನ ಹತ್ತಿರವೇ ಬಂತು. ಹಳೆಯ ಮೇಷ್ಟ್ರುಗಳ ಪುಟದಲ್ಲಿ ಅವರ ಬಗ್ಗೆ ಒಂದೇ ಸಾಲು: ‘ಆರೋಗ್ಯದ ಕಾರಣ ಸ್ವ ಇಚ್ಛೆಯಿಂದ ವರ್ಗವಾಗಿ ತೆರಳಿದರು.’ ಜ್ವರದ ಊರಿಗೆ, ಆರೋಗ್ಯದ ಕಾರಣ. ನಾನು ಕರಡಿನ ಮೇಲೆ ಸೊನ್ನೆ ಸುತ್ತಿ ಕಳಿಸಿದೆ. ಅದು ಹಾಗೇ ಇರಲಿ, ಹಿಂದಿನಿಂದ ಬಂದದ್ದು ಎಂದು ಸ್ಕೂಲಿನವರಿಂದ ಉತ್ತರ ಬಂತು. ಅಚ್ಚು ಹಾಕಿದೆ. ಆದರೆ ಹಳೆಯ ವಿದ್ಯಾರ್ಥಿಯಾಗಿ ಮಾತಾಡಿ ಎಂದು ಅವರೇ ಕರೆದಾಗ, ನಿಜವನ್ನು ಅವರದೇ ಮೈಕಿನಲ್ಲಿ ಹೇಳಿಬಿಡುವುದೆಂದು ತೀರ್ಮಾನಿಸಿದ್ದೆ.

ಹೇಳಿದೆ. ಬಸ್ಸು ಕೆಡಲಿಲ್ಲ, ಮೈಕು ಸರಿಯಿತ್ತು, ಕನ್ನಡಕದ ಕಡ್ಡಿ ಹಿಡಿದುಕೊಂಡೇ ಓದಿದೆ. ಲಾರಿ, ಕೊಡೆ, ಕಮಿಟಿ, ಅಪ್ಪನ ಸಹಿ, ಕಾಡಂಚಿನ ಸ್ಕೂಲು, ಎಲ್ಲ ಹೇಳಿದೆ. ಮುಂದಿನ ಸಾಲಿನ ದೊಡ್ಡವರು ಎದ್ದು ಹೋಗಲಿಲ್ಲ. ಬಂಗಲೆಯ ಈಗಿನ ಯಜಮಾನರು ಕಾಲ ಮೇಲೆ ಕಾಲು ಹಾಕಿ ಮುಗುಳ್ನಗುತ್ತ ಕೇಳಿದರು. ಕಲ್ಲೂ ಬೀಳಲಿಲ್ಲ. ಪ್ರಶ್ನೆಯನ್ನಂತೂ ಯಾರೂ ಕೇಳಲಿಲ್ಲ. ಮಕ್ಕಳು ಸಾಲು ಸಾಲಾಗಿ, ಬಾಯಿ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು.

ಎಡವಟ್ಟಾದದ್ದು ಒಂದೇ ಒಂದು, ಬಹಳ ಸಣ್ಣದು. ಅವರು ಅಲ್ಲೇ ತೀರಿಕೊಂಡರಂತೆ ಎನ್ನುವಲ್ಲಿ ನಾನು ಮಾತು ನಿಲ್ಲಿಸಿ ಕನ್ನಡಕ ತೆಗೆದು ಒರೆಸಿಕೊಂಡೆ. ಭಾಷಣ ಮುಗಿಯಿತೆಂದುಕೊಂಡು, ಪಕ್ಕದಲ್ಲಿ ನಿಂತಿದ್ದ ಡ್ರಿಲ್ ಮೇಷ್ಟ್ರು ಕೈ ಎತ್ತಿದರು. ಮಕ್ಕಳೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದರು.