ನಾನು ಕೈಬಿಟ್ಟ ಮಾತು

ಹತ್ತಿಮತ್ತೂರಿನ ಶಾಲೆಗೆ ಸವಣೂರಿನಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ಕನ್ನಡ ಕಲಿಸುತ್ತೇನೆ, ಬಿಡುವಾದಾಗ ನಗೆಕಥೆ ಬರೆಯುತ್ತೇನೆ. ಶಾಲೆಯ ಎದುರಿಗೆ ಒಬ್ಬಾಕೆ ಜಂಪರು ಹೊಲಿಯುವ ಅಂಗಡಿ ಇಟ್ಟಿದ್ದಳು. ನನಗಿಂತ ನಾಲ್ಕೈದು ವರ್ಷ ಹಿರಿಯಳು, ನಾನು ಅಕ್ಕ ಎನ್ನುತ್ತಿದ್ದೆ; ಶಾಲೆ ಕಲಿಸುವವಳೆಂದು ಆಕೆ ನನ್ನನ್ನು ಅಕ್ಕೋರ ಎನ್ನುತ್ತಿದ್ದಳು. ಆಕೆಗೆ ಕಿವಿ ಮಂದ. ನನ್ನ ಕಥೆಗಳನ್ನು ಮೊದಲು ಓದುತ್ತಿದ್ದವಳು ಆಕೆಯೇ. ಹೊಲಿಗೆ ಮಷೀನಿನ ಮೇಲೆ ಹಾಳೆ ಹರಡಿಕೊಂಡು, ನಗು ಬಾರದ ಕಡೆ ಬೆರಳಿಟ್ಟು, "ಇಲ್ಲಿ ಭಾಳ ತಿಣಕ್ಯಾಡೀರಿ, ಅಕ್ಕೋರ" ಎನ್ನುತ್ತಿದ್ದಳು. ಅದು ಸರಿಯೇ ಇರುತ್ತಿತ್ತು.

ಒಂದು ದಿನ ಆಕೆಯೇ ಒಂದು ಸಂಗತಿ ಹೇಳಿದಳು. ಅಳತೆ ಕೊಡಲು ಬಂದ ಸೊಸೆಯೊಬ್ಬಳು ಮುಖ ಸಣ್ಣದು ಮಾಡಿಕೊಂಡು, "ಮನಿಗೆ ಅತ್ತಿ ಬಂದಾಳ" ಅಂದಳಂತೆ. ಈಕೆ, "ಹತ್ತಿ ಬಂತಾ? ಲಗೂನ ಮಾರಿಬಿಡವಾ. ಮನ್ಯಾಗ ಇಟ್ರ ಇಲಿ ಕಡೀತಾವು" ಅಂದಳಂತೆ. ನಾನು ಹೊಟ್ಟೆ ಹಿಡಿದು ನಕ್ಕೆ. ನಗು ನಿಂತ ಮೇಲೆ ಆಕೆ ಮೆಲ್ಲಗೆ ಹೇಳಿದಳು:

"ನನಗ ಸರಿಯಾಗೇ ಕೇಳಿಸಿತ್ರಿ. ಆಕಿ ಅಳೂ ಹಂಗಿದ್ಳು, ಅದಕ್ಕ ಹಂಗಂದೆ. ನಕ್ಕೋಂತ ಮನಿಗೆ ಹೋದ್ಳು."

ನಾನು ಅದನ್ನು ಕಥೆಯಾಗಿ ಬರೆದೆ. ಕೊನೆಯ ಆ ಮಾತನ್ನು ಮಾತ್ರ ಬಿಟ್ಟೆ. ಮರೆತು ಬಿಟ್ಟದ್ದಲ್ಲ. ಹೊಲಿಯುವಾಕೆ ಜಾಣೆಯಾದರೆ ಓದುಗರು ಮೆಚ್ಚುತ್ತಾರೆ, ಪೆದ್ದಿಯಾದರೆ ಬಿದ್ದುಬಿದ್ದು ನಗುತ್ತಾರೆ ಎಂಬುದು ನನಗೆ ಗೊತ್ತಿತ್ತು. ನನಗೆ ಬೇಕಾಗಿದ್ದದ್ದು ನಗು. ಆ ಸಲ ಹಾಳೆಯನ್ನು ಆಕೆಗೆ ತೋರಿಸಲೂ ಇಲ್ಲ.

ಕಥೆ ಅಚ್ಚಾಯಿತು. ಹಿರೇಕೆರೂರಿನಲ್ಲಿ ಒಂದು ಸಭೆಗೆ ಕರೆದು ಓದಿಸಿದರು. ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಮುದುಕರೊಬ್ಬರು ಕಣ್ಣೊರೆಸಿಕೊಳ್ಳುತ್ತ ಬಂದು, "ಹೆಂಡ್ತಿ ಹೋದ ಮ್ಯಾಲ ಇವತ್ತ ನಕ್ಕೇನಿ ನೋಡ್ರಿ" ಎಂದರು. ಬರೆದದ್ದು ಸಾರ್ಥಕವಾಯಿತು ಎಂದು ಹಿಗ್ಗಿದೆ.

ಆಮೇಲೆ ಕಥೆ ಜನರ ಫೋನುಗಳಲ್ಲಿ ಹತ್ತಿಮತ್ತೂರಿಗೂ ಬಂತು. ಅದು ಯಾರ ಕಥೆ ಎಂದು ತಿಳಿಯುವುದು ಊರಿಗೆ ಕಷ್ಟವಾಗಲಿಲ್ಲ. ಹಾದುಹೋಗುವವರು ಅಂಗಡಿ ಬಾಗಿಲಲ್ಲಿ ನಿಂತು, "ಹತ್ತಿ ಮಾರಿದೇನಬೇ?" ಎಂದು ಕೂಗತೊಡಗಿದರು. ಹೇಳಿದ್ದನ್ನು ತಪ್ಪಾಗಿ ಕೇಳಿಸಿಕೊಂಡು ಬಟ್ಟೆ ಕೆಡಿಸಿಯಾಳೆಂದು ಮದುವೆಯ ಹೊಲಿಗೆಯೆಲ್ಲ ಸವಣೂರಿಗೆ ಹೋಯಿತು.

ಹದಿನೈದು ದಿನ ನಾನು ಆ ಕಡೆ ಮುಖ ಹಾಕಲಿಲ್ಲ. ಕೊನೆಗೊಮ್ಮೆ ಹೋದಾಗ ಆಕೆ ಹುಕ್ಕು ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಕಿವುಡಿ ಅಂತ ಬರದ್ರಿ, ಅದು ಖರೇ ಐತಿ. ಪೆದ್ದಿ ಯಾಕ ಮಾಡಿದ್ರಿ, ಅಕ್ಕೋರ?"

"ಅದು ಬರೇ ಕಥಿ ಅಲ್ಲೇನಕ್ಕಾ?" ಎಂದೆ.

"ಹೌದ್ರಿ, ನಿಮಗ ಕಥಿ. ನಾ ಈ ಊರಾಗ ಬಾಳೇ ಮಾಡಬೇಕಲ್ರಿ."

ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಶಾಲೆಯ ಗಂಟೆ ಹೊಡೆಯಿತು. ಅದೇ ನೆವವಾಗಿ ಎದ್ದು ಬಂದೆ.

ಈಗ ಆ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಆಕೆ ಶಿಗ್ಗಾಂವಿಯ ಗಾರ್ಮೆಂಟಿಗೆ ಹೋಗುತ್ತಾಳೆ. ಮುಂಜಾನೆ ಹತ್ತಿಮತ್ತೂರಿನಿಂದ ಬಂದು ಸವಣೂರಿನಲ್ಲಿ ಆಕೆ ಇಳಿಯುವ ಬಸ್ಸನ್ನೇ ನಾನು ಹತ್ತಬೇಕು. ಕೆಲಸ ಹೇಗಿದೆ ಎಂದು ಒಮ್ಮೆ ಕೇಳಿದೆ.

"ಚಲೋ ಐತ್ರಿ. ಅಷ್ಟು ಮಷೀನಿನ ಸಪ್ಪಳದಾಗ ಯಾರಿಗೂ ಏನೂ ಕೇಳಸೂದಿಲ್ಲ."

ನನಗೆ ನಗು ಬಂತು. ಆಕೆ ನಗಲಿಲ್ಲ; ಶಿಗ್ಗಾಂವಿ ಬಸ್ಸಿನ ಕಡೆ ನಡೆದಳು. ಹತ್ತಿಮತ್ತೂರು ಮುಟ್ಟುವ ಮೊದಲೇ ಆ ಮಾತನ್ನು ನಾನು ಡೈರಿಯಲ್ಲಿ ಬರೆದುಕೊಂಡಿದ್ದೆ. ಬರೆದ ಮೇಲೆ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಆದರೂ ಹಾಳೆಯನ್ನು ಹರಿಯಲಿಲ್ಲ.